ದನಿ ಹೆಬ್ಬೆಟ್ಟಲ್ಲ: ಯಂತ್ರ ಕಲಿತ ಪಾಠ

ಕತ್ತಲಲ್ಲಿ ಯಾರಾದರೂ ಕೆಮ್ಮಿದರೆ ಸಾಕು, ಇಂಥವರೇ ಎಂದು ನಾವು ಹೇಳಿಬಿಡುತ್ತೇವೆ. ಯಂತ್ರಕ್ಕೆ ಇದನ್ನು ಕಲಿಸಲು 50ಕ್ಕೂ ಹೆಚ್ಚು ವರ್ಷ ಹಿಡಿಯಿತು.

1962ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಲಾರೆನ್ಸ್ ಕೆರ್ಸ್ಟಾ, ದನಿಯನ್ನು ಕಾಗದದ ಮೇಲೆ ಚಿತ್ರವಾಗಿ ಮೂಡಿಸಿ, ಇದೂ ಹೆಬ್ಬೆಟ್ಟಿನಂಥದ್ದೇ ಗುರುತು ಎಂದರು. ಅಲ್ಲಿನ ಕೆಲವು ಕೋರ್ಟುಗಳು ಅದನ್ನು ಸಾಕ್ಷಿಯಾಗಿ ಒಪ್ಪಿದವು. ಆದರೆ ನೆಗಡಿಯಾದರೆ, ಸಿಟ್ಟು ಬಂದರೆ, ಫೋನ್ ಬದಲಾದರೆ ದನಿಯೂ ಬದಲಾಗುತ್ತದೆ. 1979ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಸಮಿತಿ, ಇದನ್ನು ಬಳಸುವಾಗ ಬಹಳ ಎಚ್ಚರ ಬೇಕು ಎಂದಿತು.

ಮುಂದೆ ನ್ಯೂರಲ್ ನೆಟ್‌ವರ್ಕ್ ಬಂತು. ಅದು ಉದಾಹರಣೆ ಕೇಳಿ ಕೇಳಿ ಕಲಿಯುವ ಕಂಪ್ಯೂಟರ್ ಲೆಕ್ಕ. 2017ರಲ್ಲಿ ಆಕ್ಸ್‌ಫರ್ಡ್ ಸಂಶೋಧಕರು ಯೂಟ್ಯೂಬ್‌ನಿಂದ 1,251 ಪ್ರಸಿದ್ಧರ ಮಾತು ಸಂಗ್ರಹಿಸಿ ಕೊಟ್ಟರು. 2018ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಂಡ ‘ಎಕ್ಸ್-ವೆಕ್ಟರ್’ ವಿಧಾನ ಪ್ರಕಟಿಸಿತು. ಇದರಲ್ಲಿ ಒಂದು ದನಿ ಎಂದರೆ 512 ಅಂಕಿಗಳ ಸಾಲು. ಎರಡು ಸಾಲು ಹತ್ತಿರವಿದ್ದರೆ ಮಾತಾಡಿದವರು ಒಬ್ಬರೇ ಇರಬಹುದು. ಯಂತ್ರದ ಕಿವಿ ಚುರುಕಾಗಲು, ಕಲಿಸುವ ಮಾತಿಗೆ ಬೇಕೆಂದೇ ಗದ್ದಲ, ಸಂಗೀತ, ಪ್ರತಿಧ್ವನಿ ಬೆರೆಸಿದರು. ಕಾಳಿಗೆ ಹೊಟ್ಟು ಬೆರೆಸಿ ಕೇರುವುದನ್ನು ಕಲಿಸಿದ ಹಾಗೆ.

ಇಷ್ಟಾದರೂ ಯಂತ್ರ ಕೊಡುವುದು ಅಂಕ ಮಾತ್ರ. ಎಷ್ಟು ಅಂಕಕ್ಕೆ ಪಾಸು ಎಂದು ಗೆರೆ ಎಳೆಯುವವರು ಮನುಷ್ಯರು. ಗೆರೆ ಬಿಗಿಯಾದರೆ ಮನೆಯವರೇ ಹೊರಗೆ, ಸಡಿಲವಾದರೆ ಕಳ್ಳ ಒಳಗೆ. ಈಗಂತೂ ಕಂಪ್ಯೂಟರೇ ಇನ್ನೊಬ್ಬರ ದನಿಯಲ್ಲಿ ಮಾತಾಡುತ್ತದೆ. ಮಗನ ದನಿಯಲ್ಲೇ ದುಡ್ಡು ಕೇಳಿದರೂ ಫೋನ್ ಇಟ್ಟು, ನಮ್ಮಲ್ಲಿರುವ ಅವನ ನಂಬರಿಗೆ ನಾವೇ ಕರೆ ಮಾಡೋಣ.