ಹಳೆಯ ಹೊರಾಂಗಣ ಬೆಂಚುಗಳ ದುರಸ್ತಿ, ಮರುಬಳಕೆ ಮತ್ತು ವಿಲೇವಾರಿ

ಪೀಠಿಕೆ

ಉದ್ಯಾನವನ, ಕೆರೆ ಏರಿ, ಬಸ್ ನಿಲ್ದಾಣ, ಆಸ್ಪತ್ರೆ ಆವರಣ ಹಾಗೂ ಶಾಲಾ ಮೈದಾನಗಳಲ್ಲಿ ಸಾರ್ವಜನಿಕರ ಅನುಕೂಲಕ್ಕಾಗಿ ಬೆಂಚುಗಳನ್ನು ಅಳವಡಿಸಲಾಗಿರುತ್ತದೆ. ಬಿಸಿಲು, ಮಳೆ ಹಾಗೂ ನಿರಂತರ ಬಳಕೆಯಿಂದ ಇವು ಕಾಲಕ್ರಮೇಣ ಶಿಥಿಲಗೊಳ್ಳುತ್ತವೆ. ಆದರೆ ಬೆಂಚಿನ ಎಲ್ಲ ಭಾಗಗಳೂ ಒಟ್ಟಿಗೆ ಕೆಡುವುದು ವಿರಳ. ಮರದ ಪಟ್ಟಿ ಕೊಳೆತಿದ್ದರೂ ಕಬ್ಬಿಣದ ಕಾಲು ಗಟ್ಟಿಯಾಗಿರುತ್ತದೆ. ಆಧಾರ ಕುಸಿದಿದ್ದರೂ ಮೇಲಿನ ಕಲ್ಲು ಚಪ್ಪಡಿ ಸುಸ್ಥಿತಿಯಲ್ಲಿರುತ್ತದೆ. ಆದುದರಿಂದ ಮೊದಲು ದುರಸ್ತಿ, ನಂತರ ಮರುಬಳಕೆ, ಕೊನೆಯಲ್ಲಿ ಗುಜರಿ ಎಂಬ ಕ್ರಮವನ್ನು ಅನುಸರಿಸುವುದು ಸೂಕ್ತ.

ಸಾಮಗ್ರಿವಾರು ಕ್ರಮಗಳು

1. ಕಲ್ಲಿನ ಬೆಂಚು: ಗ್ರಾನೈಟ್ ಚಪ್ಪಡಿಯು ಮಳೆ ಬಿಸಿಲಿಗೆ ಸುಲಭವಾಗಿ ಕೆಡುವುದಿಲ್ಲ. ಆಧಾರ ಕಲ್ಲುಗಳನ್ನು ಮರುಜೋಡಿಸಿದಲ್ಲಿ ಇಡೀ ಬೆಂಚು ಮತ್ತೆ ಬಳಕೆಗೆ ಬರುತ್ತದೆ. ಒಡೆದ ಚಪ್ಪಡಿಯನ್ನು ಕಾಲುದಾರಿಗೆ, ಮೆಟ್ಟಿಲಿಗೆ ಅಥವಾ ಮರದ ಕಟ್ಟೆಗೆ ಉಪಯೋಗಿಸಬಹುದು. 1.5 ಮೀಟರ್ ಉದ್ದ, 45 ಸೆಂ.ಮೀ. ಅಗಲ, 10 ಸೆಂ.ಮೀ. ದಪ್ಪದ ಚಪ್ಪಡಿಯು ಸುಮಾರು 180 ಕಿಲೋಗ್ರಾಂ ತೂಗುವುದರಿಂದ ಇದನ್ನು ಇಬ್ಬರಿಂದ ಎತ್ತಿಸಬಾರದು.

2. ಮರದ ಪಟ್ಟಿಯ ಬೆಂಚು: ತೇಗದಂತಹ ಗಟ್ಟಿ ಮರದ ಹಳೆಯ ಪಟ್ಟಿಗಳು ಮೇಲ್ಮೈಯಲ್ಲಿ ಮಾಸಿದ್ದರೂ ಒಳಗೆ ಚೆನ್ನಾಗಿರುತ್ತವೆ. ಹತ್ತರಿ ಹೊಡೆದು, ಎಣ್ಣೆ ಅಥವಾ ವಾರ್ನಿಷ್ ಲೇಪಿಸಿ ಮತ್ತೆ ಜೋಡಿಸಬಹುದು. ಗೆದ್ದಲು ಹಿಡಿದ ಅಥವಾ ಕೊಳೆತ ಪಟ್ಟಿಗಳನ್ನು ಮಾತ್ರ ಬದಲಾಯಿಸತಕ್ಕದ್ದು. ಬಣ್ಣ ಬಳಿದ ಅಥವಾ ರಾಸಾಯನಿಕ ಸಂಸ್ಕರಣೆಗೊಳಗಾದ ಮರವನ್ನು ಅಡುಗೆ ಒಲೆಗಾಗಲಿ, ಬಚ್ಚಲ ಹಂಡೆಯ ಒಲೆಗಾಗಲಿ ಉರುವಲಾಗಿ ನೀಡಬಾರದು. ಇದರ ಹೊಗೆ ಮತ್ತು ಬೂದಿ ವಿಷಕಾರಿಯಾಗಬಹುದು.

3. ಕಬ್ಬಿಣದ ಕಾಲು ಮತ್ತು ಚೌಕಟ್ಟು: ಉಕ್ಕಿನ ಚೌಕಟ್ಟನ್ನು ಬೆಸುಗೆ ಹಾಕಿ ಸರಿಪಡಿಸಬಹುದು. ಎರಕದ ಕಬ್ಬಿಣ ಪೆಡಸಾಗಿದ್ದು, ಸಾಮಾನ್ಯ ಬೆಸುಗೆಗೆ ಒಗ್ಗುವುದಿಲ್ಲ. ಬಿರುಕು ಬಿಟ್ಟ ಎರಕದ ಕಾಲುಗಳನ್ನು ಪ್ರತ್ಯೇಕಿಸಿ ಎರಕ ಘಟಕಗಳಿಗೆ ನೀಡಿದಲ್ಲಿ ಅವು ಕರಗಿ ಹೊಸ ಎರಕವಾಗುತ್ತವೆ. ರಾಜ್ಯದಲ್ಲಿ ಬೆಳಗಾವಿ ಮತ್ತು ಶಿವಮೊಗ್ಗ ಈ ಉದ್ಯಮಕ್ಕೆ ಹೆಸರಾಗಿವೆ.

4. ಕಾಂಕ್ರೀಟ್ ಬೆಂಚು: ಒಳಗಿನ ಸರಳಿಗೆ ನೀರು ತಗುಲಿದಾಗ ತುಕ್ಕು ಹಿಡಿಯುತ್ತದೆ. ತುಕ್ಕು ಹೆಚ್ಚು ಜಾಗ ಆಕ್ರಮಿಸುವುದರಿಂದ ಕಾಂಕ್ರೀಟ್ ಒಳಗಿನಿಂದಲೇ ಸೀಳುತ್ತದೆ. ಸರಳು ಹೊರಬಂದ ಅಥವಾ ಅಲುಗಾಡುವ ಬೆಂಚು ಮಕ್ಕಳ ಮೇಲೆ ಉರುಳುವ ಅಪಾಯವಿರುವುದರಿಂದ ಅದನ್ನು ತಕ್ಷಣವೇ ಬಳಕೆಯಿಂದ ತೆಗೆಯತಕ್ಕದ್ದು. ಸರಳನ್ನು ಗುಜರಿಗೆ, ಕಾಂಕ್ರೀಟ್ ತುಂಡುಗಳನ್ನು ಜಲ್ಲಿಯಾಗಿ ಪುಡಿಮಾಡಲು ನೀಡಬಹುದು. ಐಎಸ್ 383:2016 ಮಾನಕದ ಪ್ರಕಾರ ಇಂತಹ ಜಲ್ಲಿಯನ್ನು ಸರಳಿಲ್ಲದ ಕಾಂಕ್ರೀಟ್‌ನಲ್ಲಿ ಒಟ್ಟು ದಪ್ಪ ಜಲ್ಲಿಯ ಶೇ. 25ರವರೆಗೆ ಬಳಸಲು ಅವಕಾಶವಿದೆ.

5. ಫೈಬರ್ ಬೆಂಚು: ಇದು ಸಾಮಾನ್ಯ ಪ್ಲಾಸ್ಟಿಕ್‌ನಂತೆ ಕರಗುವುದಿಲ್ಲ. ಆದುದರಿಂದ ಇದನ್ನು ಪ್ಲಾಸ್ಟಿಕ್ ಗುಜರಿಯೊಂದಿಗೆ ಬೆರೆಸದೆ, ಸಾಧ್ಯವಿದ್ದಷ್ಟು ದುರಸ್ತಿ ಮಾಡಿ ಬಳಸುವುದು ಲೇಸು.

ಬಣ್ಣ ತೆಗೆಯುವಾಗ ಎಚ್ಚರಿಕೆ

ಗೃಹಬಳಕೆ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಅಂಶವು ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರ ಸರ್ಕಾರದ ನಿಯಮವು 2017ರ ನವೆಂಬರ್‌ನಿಂದ ಜಾರಿಗೆ ಬಂದಿತು. ಅದಕ್ಕೂ ಹಿಂದೆ ಬಳಿದ ಬಣ್ಣದಲ್ಲಿ ಹೆಚ್ಚು ಸೀಸವಿರುವ ಸಾಧ್ಯತೆ ಇದೆ. ಸೀಸದ ಧೂಳು ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿಕರ. ಹಳೆಯ ಬಣ್ಣವನ್ನು ಒಣಗಿದ್ದಾಗ ಉಜ್ಜದೆ, ನೀರು ಹಾಕಿ ಒದ್ದೆ ಮಾಡಿ ಕೆರೆಯಬೇಕು. ಕೆಲಸಗಾರರು ಧೂಳನ್ನು ಸೋಸುವ ಮುಖಗವಸು ಧರಿಸಬೇಕು. ಉದುರಿದ ಚೂರುಗಳನ್ನು ಮಣ್ಣಿಗೆ ಬೀಳದಂತೆ ಹಾಳೆ ಹಾಸಿ ಸಂಗ್ರಹಿಸಬೇಕು. ಶಾಲೆಗಳಲ್ಲಿ ಈ ಕೆಲಸವನ್ನು ರಜಾದಿನಗಳಲ್ಲಿ ಕೈಗೊಳ್ಳುವುದು ಮತ್ತು ವಿದ್ಯಾರ್ಥಿಗಳನ್ನು ತೊಡಗಿಸದಿರುವುದು ಅಗತ್ಯ.

ದಾನಿಗಳ ಹೆಸರುಳ್ಳ ಬೆಂಚುಗಳು

ಅನೇಕ ಬೆಂಚುಗಳು ಅಗಲಿದ ತಂದೆ, ತಾಯಿ ಅಥವಾ ಬಂಧುಗಳ ಸ್ಮರಣಾರ್ಥ ನೀಡಿದವುಗಳಾಗಿದ್ದು, ಕಲ್ಲಿನ ಮೇಲೆ ಹೆಸರು ಕೆತ್ತಿರುತ್ತದೆ. ಇವುಗಳನ್ನು ತೆಗೆಯುವ ಮುನ್ನ ಸಾಧ್ಯವಾದಲ್ಲಿ ಕುಟುಂಬದವರಿಗೆ ತಿಳಿಸುವುದು ಉಚಿತ. ಬೆಂಚು ಉಳಿಯದಿದ್ದರೂ ಹೆಸರಿನ ಭಾಗವನ್ನು ಹೊಸ ಬೆಂಚಿಗೆ ಅಥವಾ ಸಮೀಪದ ಗೋಡೆಗೆ ಅಳವಡಿಸಬಹುದು. ಹೆಸರು ಕೆತ್ತಿದ ಕಲ್ಲನ್ನು ಚರಂಡಿಯ ಮೇಲ್ಹಾಸಾಗಿ ಅಥವಾ ತುಳಿಯುವ ಜಾಗದಲ್ಲಿ ಬಳಸಬಾರದು.

ದಾಸ್ತಾನು ಮತ್ತು ಲೆಕ್ಕ

ಸರ್ಕಾರಿ ಆವರಣದ ಬೆಂಚು ಸರ್ಕಾರದ ಸ್ವತ್ತಾಗಿರುತ್ತದೆ. ತೆಗೆದ ಬೆಂಚುಗಳ ಸಂಖ್ಯೆ, ಸಾಮಗ್ರಿ ಮತ್ತು ಸ್ಥಿತಿಯನ್ನು ದಾಸ್ತಾನು ವಹಿಯಲ್ಲಿ ನಮೂದಿಸತಕ್ಕದ್ದು. ನಿರುಪಯುಕ್ತವೆಂದು ಸಕ್ಷಮ ಪ್ರಾಧಿಕಾರವು ಅನುಮೋದಿಸಿದ ನಂತರವೇ ಹರಾಜು ಮಾಡಿ, ಬಂದ ಮೊತ್ತವನ್ನು ಸಂಬಂಧಿಸಿದ ಲೆಕ್ಕಕ್ಕೆ ಜಮಾ ಮಾಡತಕ್ಕದ್ದು. ಮರ, ಕಬ್ಬಿಣ, ಕಲ್ಲುಗಳನ್ನು ಬೇರ್ಪಡಿಸಿ ತೂಕ ಮಾಡಿಸಿದಲ್ಲಿ ಪ್ರತಿಯೊಂದಕ್ಕೂ ತಕ್ಕ ಬೆಲೆ ದೊರೆಯುತ್ತದೆ; ಒಟ್ಟುರಾಶಿಯಾಗಿ ಮಾರಿದಲ್ಲಿ ನಷ್ಟವಾಗುವ ಸಂಭವವಿದೆ.

ಸಾರ್ವಜನಿಕರ ಗಮನಕ್ಕೆ

ಮುರಿದ ಬೆಂಚು ಕಂಡುಬಂದಲ್ಲಿ, ಅದು ಇರುವ ಸ್ಥಳ ಮತ್ತು ಹಾನಿಯ ಸ್ವರೂಪವನ್ನು ಸ್ಥಳೀಯ ಸಂಸ್ಥೆಯ ಕಚೇರಿಗೆ ಲಿಖಿತವಾಗಿ ತಿಳಿಸಬಹುದು. ಬದಲಿ ಆಸನ ಸಿದ್ಧವಾಗುವವರೆಗೆ, ಅಪಾಯಕಾರಿಯಲ್ಲದ ಹಳೆಯ ಬೆಂಚನ್ನು ತೆಗೆಯದಿರುವುದು ಒಳಿತು. ಆಸ್ಪತ್ರೆಗೆ ನಡೆದು ಬರುವ ವಯೋವೃದ್ಧರಿಗೆ ದಾರಿಯಲ್ಲಿನ ಒಂದು ಬೆಂಚು ಇಲ್ಲವಾದರೆ, ಆ ದಾರಿಯೇ ಇಲ್ಲವಾದಂತಾಗುತ್ತದೆ.