ಇಂಗ್ಲಿಷ್ ಸ್ವರಗಳ ಸ್ಪೆಲಿಂಗ್ ಬೋಧನೆ

ಇಂಗ್ಲಿಷಿನ ಸ್ವರಾಕ್ಷರಗಳು ಐದು. ಬ್ರಿಟನ್ನಿನ ಶಿಷ್ಟ ಉಚ್ಚಾರಣೆಯಲ್ಲಿ ಸ್ವರಧ್ವನಿಗಳು ಸುಮಾರು 20. ಈ ಕೊರತೆಯನ್ನು ಆ ಭಾಷೆ ಅಕ್ಷರಗಳನ್ನು ಜೋಡಿಸಿ ತುಂಬಿಕೊಳ್ಳುತ್ತದೆ. ಜೋಡಣೆಯ ಮಾದರಿಗಳನ್ನು ಧ್ವನಿಯೊಂದಿಗೆ ಬೆಸೆದು ಕಲಿಸುವ ಕ್ರಮವೇ ಫೋನಿಕ್ಸ್.

ಮಕ್ಕಳು ಮೊದಲು ಕ್ಯಾಪ್, ಕಿಟ್, ಹಾಪ್‌ಗಳಂಥ ಹ್ರಸ್ವ ಸ್ವರದ ಪದಗಳನ್ನು ಓದುತ್ತಾರೆ. ಇವುಗಳ ಕೊನೆಗೆ ‘ಇ’ ಅಕ್ಷರ ಸೇರಿಸಿದರೆ ಕೇಪ್, ಕೈಟ್, ಹೋಪ್ ಆಗುತ್ತವೆ. ತಾನು ಉಲಿಯದೆ ಹಿಂದಿನ ಸ್ವರವನ್ನು ಬದಲಿಸುವ ಈ ಅಕ್ಷರವನ್ನು ಶಿಕ್ಷಕರು ‘ಮ್ಯಾಜಿಕ್ ಇ’ ಎನ್ನುತ್ತಾರೆ. ಇಂಗ್ಲೆಂಡಿನ ಶಿಕ್ಷಕ ರಿಚರ್ಡ್ ಮಲ್‌ಕಾಸ್ಟರ್ 1582ರಲ್ಲೇ ಈ ನಿಯಮವನ್ನು ವಿವರಿಸಿದ್ದ.

ಹೀಗೆ ಬದಲಾದ ಸ್ವರವನ್ನು ‘ದೀರ್ಘ’ ಎಂದು ಕಲಿಸುವುದು ಕನ್ನಡದ ಮಗುವಿಗೆ ಗೊಂದಲ. ಅ–ಆ, ಇ–ಈಗಳಲ್ಲಿ ಅದೇ ಧ್ವನಿ ಎಳೆದು ಬರುತ್ತದೆ. ಕಿಟ್–ಕೈಟ್‌ನಲ್ಲಿ ಧ್ವನಿಯೇ ಬೇರೆ. ಹಿಂದೆ ಹಾಗಿರಲಿಲ್ಲ. 14ನೆಯ ಶತಮಾನದಲ್ಲಿ ಈಗಿನ ‘ಬೈಟ್’ ‘ಬೀಟೆ’ ಎಂದೂ, ‘ನೇಮ್’ ನಮ್ಮ ‘ನಾಮ’ಕ್ಕೆ ಹತ್ತಿರದ ‘ನಾಮೆ’ ಎಂದೂ ಉಚ್ಚಾರವಾಗುತ್ತಿದ್ದವು. ಮುಂದೆ ಕೊನೆಯ ಸ್ವರ ಉದುರಿತು, ದೀರ್ಘ ಸ್ವರಗಳು ಸುಮಾರು 300 ವರ್ಷಗಳಲ್ಲಿ ಜಾಗ ಬದಲಿಸಿದವು. ಅಷ್ಟರೊಳಗೆ, 1476ರಲ್ಲಿ, ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಮುದ್ರಣಯಂತ್ರ ತಂದಿದ್ದ. ಅಚ್ಚಿನ ಸ್ಪೆಲಿಂಗ್ ಹಳೆಯ ಉಚ್ಚಾರಣೆಯನ್ನೇ ಹಿಡಿದು ನಿಂತಿತು.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಇದೆ. ಅದೇ ಹೊತ್ತಿಗೆ ಮಗು ಕಾಗುಣಿತವನ್ನೂ ಕಲಿಯುತ್ತಿರುತ್ತದೆ. ಅಲ್ಲಿ ಸ್ವರದ ಗುರುತು ತನ್ನ ವ್ಯಂಜನಕ್ಕೇ ಅಂಟಿರುತ್ತದೆ. ಇಂಗ್ಲಿಷಿನ ‘ಇ’ ಮಾತ್ರ ಒಂದು ವ್ಯಂಜನದಾಚೆ ನಿಂತು ಹಿಂದಕ್ಕೆ ಕೆಲಸ ಮಾಡುತ್ತದೆ. ಬರೆದದ್ದನ್ನೆಲ್ಲ ಓದುವ ಅಭ್ಯಾಸದಿಂದ ಮಗು ‘ಕೇಪೆ’ ಎಂದರೆ ಗದರಬಾರದು. ತನ್ನ ಲಿಪಿ ಕಲಿಸಿದ್ದನ್ನೇ ಅದು ನಿಷ್ಠೆಯಿಂದ ಪಾಲಿಸುತ್ತಿದೆ. ಕ್ಯಾಪ್–ಕೇಪ್‌ಗಳನ್ನು ಪಕ್ಕಪಕ್ಕ ಬರೆದು, ‘ಇ’ಯನ್ನು ಮುಚ್ಚಿ ತೆರೆದು ಓದಿಸಿದರೆ ಸಂಬಂಧ ಕಣ್ಣಿಗೇ ಕಾಣುತ್ತದೆ.

ನಿಯಮವನ್ನು ಬಾಯಿಪಾಠ ಮಾಡಿಸಿದರೆ ಸಾಲದು. ಎರಡು ಸ್ವರಾಕ್ಷರ ಒಟ್ಟಿಗೆ ಬಂದರೆ ಮೊದಲನೆಯದಷ್ಟೇ ದೀರ್ಘವಾಗಿ ಉಲಿಯುತ್ತದೆ ಎಂಬ ಪ್ರಸಿದ್ಧ ಸೂತ್ರವನ್ನು ಅಮೆರಿಕದ ಥಿಯೋಡರ್ ಕ್ಲೈಮರ್ 1963ರಲ್ಲಿ ಪ್ರಾಥಮಿಕ ಪಠ್ಯಗಳ ಪದಗಳಿಗೆ ಹಚ್ಚಿ ನೋಡಿದಾಗ ಅದು ಶೇ. 45ರಷ್ಟು ಪದಗಳಿಗೆ ಮಾತ್ರ ಹೊಂದಿತು. ಕೊನೆಯ ‘ಇ’ಯ ನಿಯಮ ಶೇ. 63ಕ್ಕೆ. ಇ–ಎ ಜೋಡಿಯೊಂದೇ ಸೀಟ್, ಬ್ರೆಡ್, ಗ್ರೇಟ್‌ಗಳಲ್ಲಿ ಮೂರು ಧ್ವನಿ ಕೊಡುತ್ತದೆ. ಹೀಗಾಗಿ ಒಂದೊಂದು ಧ್ವನಿಯ ಪದಗಳನ್ನು ಪ್ರತ್ಯೇಕ ಗುಂಪಾಗಿ ಕಲಿಸುವುದೇ ಮೇಲು. ‘ಹ್ಯಾವ್’, ‘ಗಿವ್’ಗಳಲ್ಲಿ ‘ಇ’ ಹಿಂದಿನ ಸ್ವರವನ್ನು ಮುಟ್ಟುವುದೇ ಇಲ್ಲ: ಇಂಗ್ಲಿಷ್ ಪದಗಳು ಸಾಮಾನ್ಯವಾಗಿ ‘ವಿ’ ಅಕ್ಷರದಲ್ಲಿ ಕೊನೆಗೊಳ್ಳದ ಕಾರಣ ಅದು ಅಲ್ಲಿ ಬಂದು ಕೂತಿದೆ.