ಕನ್ವರ್‌ಲಾಲ್ ಯಾರು?

1981ರಲ್ಲಿ ಬಂದ ‘ಅಂತ’ ಚಿತ್ರದ ನಾಯಕನ ಹೆಸರೇನೆಂದು ಇಂಡಿ, ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ವಯಸ್ಸಿನ ಗಂಡಸರನ್ನು ಕೇಳಿ ನೋಡಿ. ಹೆಚ್ಚಿನವರು ‘ಕನ್ವರ್‌ಲಾಲ್’ ಎಂದೇ ಹೇಳುತ್ತಾರೆ. ಆದರೆ ಕನ್ವರ್‌ಲಾಲ್ ಖಳ. ನಾಯಕ ಪೊಲೀಸ್ ಅಧಿಕಾರಿ ಸುಶೀಲ್‌ಕುಮಾರ್. ಎರಡೂ ಪಾತ್ರ ಅಂಬರೀಶರದೇ.

ಎಚ್.ಕೆ. ಅನಂತರಾವ್ ‘ಸುಧಾ’ ವಾರಪತ್ರಿಕೆಯಲ್ಲಿ ಬರೆದ ಧಾರಾವಾಹಿಯನ್ನು ಎಸ್.ವಿ. ರಾಜೇಂದ್ರಸಿಂಗ್ ಬಾಬು ತೆರೆಗೆ ತಂದರು. ‘ಸುಧಾ’ ಬಂದ ದಿನ ಮನೆಯಲ್ಲಿ ಯಾರು ಮೊದಲು ಓದಬೇಕೆಂದು ಜಗಳವಾಗುತ್ತಿದ್ದ ಕಾಲವದು. ಅದೇ ಕಥೆ ಸಿನಿಮಾ ಆಗಿ ಮುದ್ದೇಬಿಹಾಳಕ್ಕೆ ಬಂದಾಗ ಅಣ್ಣಂದಿರು ಹೋದರು. ನಮಗೆ ಅವ್ವ, “ಹೆಣ್ಣಮಕ್ಕಳು ನೋಡೂ ಸಿನಿಮಾ ಅಲ್ಲ ಅದು” ಅಂದಳು.

ಹಿಂಸೆ ಅತಿಯಾಯಿತೆಂದು ಕೆಲವರು ಮೂಗು ಮುರಿದರು. ದೊಡ್ಡ ಮನುಷ್ಯರ ಬಣ್ಣ ಬಯಲಾಯಿತೆಂದು ಕೆಲವರು ಶಿಳ್ಳೆ ಹೊಡೆದರು. ಬಾಬು ಅವರೇ ಜಿತೇಂದ್ರ, ಹೇಮಾಮಾಲಿನಿಯರನ್ನು ಹಾಕಿಕೊಂಡು ಹಿಂದಿಯಲ್ಲಿ ‘ಮೇರಿ ಆವಾಜ್ ಸುನೋ’ ತೆಗೆದಾಗ ಗಲಾಟೆ ದಿಲ್ಲಿಯವರೆಗೂ ಮುಟ್ಟಿತು.

ನಾನು ಅದನ್ನು ನೋಡಿದ್ದು ಎಷ್ಟೋ ವರ್ಷದ ಮೇಲೆ, ಟಿ.ವಿ.ಯಲ್ಲಿ. ಆಗ ಹೊಳೆದದ್ದು ಇಷ್ಟು: ನಾವು ಕೊಂಡಾಡುವ ಕನ್ವರ್‌ಲಾಲ್ ಬಹುಪಾಲು ಕನ್ವರ್‌ಲಾಲನೇ ಅಲ್ಲ. ಅವನ ವೇಷ ಹಾಕಿ ಗ್ಯಾಂಗಿನೊಳಗೆ ಹೊಕ್ಕ ಸುಶೀಲ್‌ಕುಮಾರ್. ಆ ಸೊಕ್ಕು, ಆ ಹಿಂದಿ ಬೆರೆತ ಮಾತು ಎಲ್ಲ ನಟನೆ. (ಸೊಲ್ಲಾಪುರದ ಸಂತೆಗೆ ಹೋಗಿ ಬರುವ ನಮ್ಮ ಕಡೆಯವರಿಗೆ ಆ ಬೆರಕೆ ಮಾತು ಪರಕೀಯ ಅನಿಸಲೇ ಇಲ್ಲ.) ನಟನೆಗೆ ತೆತ್ತ ಬೆಲೆ ಏನು? ಬಸುರಿ ಹೆಂಡತಿಯನ್ನು ಕಣ್ಣೆದುರೇ ಹಿಂಸಿಸುವಾಗ ಅವನು ಅವಳು ಯಾರೋ ಎಂಬಂತೆ ನಿಲ್ಲಬೇಕು. ಗುರುತು ಹಿಡಿದರೆ ವೇಷ ಕಳಚುತ್ತದೆ.

ಅವನ ಕರ್ತವ್ಯನಿಷ್ಠೆಯ ಪರೀಕ್ಷೆ ನಡೆದದ್ದು ಅವಳ ಮೈಮೇಲೆ. ಅವಳನ್ನು ಯಾರೂ ಕೇಳಲಿಲ್ಲ. ಹಿಂಸೆ ಹೆಚ್ಚೋ ಕಡಿಮೆಯೋ ಎಂದು ವಾದ ಮಾಡಿದವರು ಇದನ್ನು ಎತ್ತಿದ್ದು ನನ್ನ ಕಿವಿಗಂತೂ ಬೀಳಲಿಲ್ಲ. ಆ ದೃಶ್ಯವನ್ನೇ ಕತ್ತರಿಸಬೇಕಿತ್ತೆಂದು ನಾನು ಹೇಳುವುದಿಲ್ಲ. ಅದು ಹೋದರೆ ಚಿತ್ರದಲ್ಲಿ ಉಳಿಯುವುದು ಬರೀ ಹೊಡೆದಾಟ. ಆದರೆ ಅವಳ ನೋವನ್ನು ಅಷ್ಟು ಹೊತ್ತು ತೋರಿಸುವ ಬದಲು ವೇಷದೊಳಗೆ ಸುಡುವ ಗಂಡನ ಮುಖ ತೋರಿಸಿದ್ದರೆ ಸಾಕಿತ್ತು. ಅಂಬರೀಶರಿಗೆ ಅದು ಸಾಧ್ಯವಿತ್ತು. 1972ರ ‘ನಾಗರಹಾವು’ವಿನಲ್ಲಿ ಹುಡುಗಿಯನ್ನು ಕಾಡುವ ಪುಂಡ ಜಲೀಲನಾಗಿ ಬಂದು, ಒಂಬತ್ತೇ ವರ್ಷದಲ್ಲಿ ಇಲ್ಲಿಗೆ ಮುಟ್ಟಿದ ನಟ ಅವರು.

ಖಳನ ಪರವಾಗಿ ಒಂದು ಮಾತು ಹೇಳಲೇಬೇಕು. ನಿಜವಾದ ಕನ್ವರ್‌ಲಾಲ್ ತಾನು ಕೆಟ್ಟವನೆಂದು ಮುಚ್ಚಿಡುವುದಿಲ್ಲ. ಅವನನ್ನು ಸಾಕಿದ ಗಣ್ಯರು ಮುಚ್ಚಿಡುತ್ತಾರೆ. ಚಿತ್ರದ ಸಿಟ್ಟೆಲ್ಲ ಅವರ ಮೇಲೆ, ಅದು ನ್ಯಾಯವೇ.

2018ರ ನವೆಂಬರಿನಲ್ಲಿ ಅಂಬರೀಶ್ ತೀರಿಕೊಂಡ ಮೇಲೆ ಬಸವನ ಬಾಗೇವಾಡಿಯ ಶಾಲೆಯೊಂದರ ಗ್ಯಾದರಿಂಗಿನಲ್ಲಿ ಒಬ್ಬ ಹುಡುಗ ಕನ್ವರ್‌ಲಾಲನ ಮಿಮಿಕ್ರಿ ಮಾಡಿದ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆಮೇಲೆ ಹತ್ತಿರ ಕರೆದು, ಅವನ ಹೆಂಡತಿ ಏನಾದಳು ಗೊತ್ತೇನೋ ಎಂದು ಕೇಳಿದೆ. “ಅದರಾಗ ಹೇಣ್ತಿ ಅದಾಳೇನ್ರೀ ಟೀಚರ್?” ಅಂದ. ಕೂಡಿಸಿಕೊಂಡು ಕಥೆ ಹೇಳಿದೆ.